ನಾಲ್ಕು ಬೆರಳು ನೀರು

ಏಪ್ರಿಲ್ 6, ಶನಿವಾರ
ಫಿಲ್ಟರ್ ತೊಳೆದಾಯಿತು. ಪಂಪಿಗೆ ಗ್ರೀಸ್. ನಾಲ್ಕಕ್ಕೆ ಕಟ್ಟಡದ ಎ.ಸಿ.ಗೆ ತಂಪು ಕೊಡುವ ಐಸ್ ಟ್ಯಾಂಕ್ ನೋಡಿದೆ. ಐಸೆಲ್ಲ ಕರಗಿತ್ತು, ನೀರು ಗುರುತಿನ ಗೆರೆಗಿಂತ ಸ್ವಲ್ಪ ಕೆಳಗೆ. ಪೈಪ್ ಹಾಕಿ ಟೀ ಕುಡಿಯಲು ಹೋದೆ. ಎಲೆಕ್ಟ್ರಿಷಿಯನ್ ಮಗಳ ರಿಸಲ್ಟ್ ಮಾತು ತೆಗೆದ... ಬಂದು ನೋಡಿದರೆ ನೀರು ನಾಲ್ಕು ಬೆರಳು ಹೆಚ್ಚು. ಸೋಮವಾರ ತೆಗೆದರಾಯಿತು.

ಏಪ್ರಿಲ್ 9, ಮಂಗಳವಾರ
ಎರಡಕ್ಕೇ ಐಸ್ ಖಾಲಿ. ನಿನ್ನೆಯೂ ಹೀಗೇ. ಆರು ಮಹಡಿಯೂ ಬೇಯುತ್ತಿತ್ತು. ಹಗಲು ಕರೆಂಟ್ ದುಬಾರಿ, ಆ ಹೊತ್ತಿನಲ್ಲಿ ಐಸ್ ಕಟ್ಟುವ ದೊಡ್ಡ ಮೆಷಿನ್ ಹಾಕುವಂತಿಲ್ಲ. ರಾತ್ರಿಯ ಅಗ್ಗದ ಕರೆಂಟಿನಲ್ಲಿ ಕಟ್ಟಿದ ಐಸೇ ಸಂಜೆಯವರೆಗೆ ತಂಪು ಕೊಡಬೇಕು. ಮೂರನೆಯ ಮಹಡಿಯಲ್ಲಿ ಬಸುರಿಯೊಬ್ಬಳು ತಲೆಸುತ್ತಿ ಬಿದ್ದಳು.
ರಾತ್ರಿ ಮೆಷಿನ್ ಬೆಳಗಿನ ಆರರವರೆಗೆ ಓಡಬೇಕಿತ್ತು. ಮೂರಕ್ಕೇ ನಿಂತಿದೆ. ಆ ಪಾಳಿ ನನ್ನ ಭಾಮೈದನದು. ಕೆಲಸಕ್ಕೆ ಸೇರಿಸಿದ್ದೂ ನಾನೇ.
ಮ್ಯಾನೇಜರ್ ಅವನನ್ನು ಕರೆಸಿದರು. "ಏನಪ್ಪಾ, ಗೊರಕೆಗೆ ಮೆಷಿನ್ ಸದ್ದು ಅಡ್ಡ ಬಂತಾ? ಆಫ್ ಮಾಡ್ಬಿಟ್ಯಾ?"
"ಅದಾಗದೇ ನಿಂತ್ಕೊಳ್ತು ಸಾರ್. ಟ್ಯಾಂಕ್ ಫುಲ್ ಅಂತ ತೋರಿಸ್ತು."
"ಫುಲ್ ಆಗಿದ್ದ ಐಸ್ ಎಲ್ಲಿಗೆ ಹೋಯ್ತು? ನೀನೇ ತಿಂದ್ಯಾ?"

ಅದೇ ದಿನ, ಸಂಜೆ 7
ಬಸ್ಸಿನಲ್ಲಿ ಹೊಳೆಯಿತು. ನೀರು ಐಸಾದರೆ ಉಬ್ಬುತ್ತದೆ, ಟ್ಯಾಂಕಿನ ಮಟ್ಟ ಏರುತ್ತದೆ. ಆ ಏರಿಕೆ ನೋಡಿಯೇ ಮೆಷಿನ್ ತುಂಬಿತೆಂದು ನಿಲ್ಲುವುದು. ನಾನು ಬಿಟ್ಟ ನಾಲ್ಕು ಬೆರಳನ್ನೂ ಅದು ಐಸೆಂದೇ ತಿಳಿದಿದೆ. ಸೋಮವಾರ ತೆಗೆಯುವುದು ಮರೆತೇಹೋಗಿತ್ತು.
ಮನೆಗೆ ಬಂದರೆ ಇವಳು ಫೋನಿನಲ್ಲಿ ತಮ್ಮನ ಬೆವರಿಳಿಸುತ್ತಿದ್ದಳು. "ಊಟದ ತಟ್ಟೆ ಮುಂದೇನೇ ತೂಕಡಿಸ್ತಿದ್ದೋನು ನೀನು! ಭಾವನ ಮಾನ ಕಳೆದ್ಯಲ್ಲೋ!"
ನಾನು ಡಬ್ಬಿ ತೊಳೆಯಲು ಹೋದೆ.

ಏಪ್ರಿಲ್ 10, ಬುಧವಾರ
ಅವನನ್ನು ಪಾಳಿಯಿಂದ ತೆಗೆದರು. ಮಧ್ಯಾಹ್ನ ಯಾರೂ ಇಲ್ಲದಾಗ ಹೆಚ್ಚಿನ ನೀರನ್ನು ಚರಂಡಿಗೆ ಬಿಟ್ಟೆ. ಲಾಗ್‌ಬುಕ್ಕಿನಲ್ಲಿ ಬರೆದಿಲ್ಲ.

ಏಪ್ರಿಲ್ 11
ಮೆಷಿನ್ ಆರರವರೆಗೆ ಓಡಿದೆ. ಸಂಜೆಯವರೆಗೂ ಐಸ್ ಇತ್ತು. ಮ್ಯಾನೇಜರ್ ಬೆನ್ನು ತಟ್ಟಿದರು. "ನೋಡಿದ್ರಾ? ಆಳು ಬದಲಾದ, ಐಸು ಕಟ್ತು!"
ನಕ್ಕೆ. ನಾನು ನೀರು ತೆಗೆದದ್ದೇ ಅವನ ವಿರುದ್ಧ ಸಾಕ್ಷಿಯಾಯಿತು.

ಏಪ್ರಿಲ್ 15, ಬೆಳಿಗ್ಗೆ 8
ಭಾಮೈದ ಕಾಗದ ಹಿಡಿದು ಬಂದಿದ್ದಾನೆ. ನಿದ್ದೆ ಮಾಡಿದ್ದು ನಿಜವೆಂದು ಬರೆದುಕೊಟ್ಟರೆ ಗೇಟಿನ ಕೆಲಸವಾದರೂ ಕೊಡುತ್ತಾರಂತೆ. ಇಲ್ಲದಿದ್ದರೆ ಮನೆಗೆ.
"ನಿದ್ದೆ ಬಂದಿದ್ದು ನೆನಪೇ ಇಲ್ಲ ಭಾವ. ಆದ್ರೆ ಎಲ್ರೂ ಹೇಳ್ತಿದ್ದೀರಲ್ಲ, ಬಂದೇ ಇರ್ಬೇಕು. ತಪ್ಪಿದ್ರೆ ತಿದ್ದಿಕೊಡಿ."
ಎರಡು ಕಡೆ ಕಾಗುಣಿತ ತಪ್ಪಿತ್ತು. ತಿದ್ದಿಕೊಟ್ಟೆ. ನನ್ನ ಕೈಯಾರೆ.
ಈಗ ಬಾಗಿಲಲ್ಲಿ ಬೂಟಿನ ಲೇಸ್ ಕಟ್ಟುತ್ತಿದ್ದಾನೆ. ಇವಳು ಡಬ್ಬಿ ಕೊಡುತ್ತಾ ಇನ್ನೂ ಬೈಯುತ್ತಿದ್ದಾಳೆ. "ಬರ್ತೀನಿ ಭಾವ" ಎಂದ.
"ತಡಿಯೋ" ಎಂದೆ. "ಆ ಕಾಗದ ಇಲ್ಲಿ ಕೊಡು."
ಕೊಟ್ಟ. ಯಾಕೆಂದು ಇವಳು ಕೇಳುತ್ತಿದ್ದಾಳೆ. ಇಬ್ಬರೂ ನನ್ನನ್ನೇ ನೋಡುತ್ತಾ ನಿಂತಿದ್ದಾರೆ. ಪೆನ್ನು ಕೆಳಗಿಟ್ಟು ಆ ನಾಲ್ಕು ಬೆರಳಿನ ಮಾತು ಹೇಳಬೇಕು.