ಅತಿಯಾಗಿ ಬಿಗಿದ ಎರಡು ನಟ್ಟು

ಅಪ್ಪಾ,

ಹತ್ತು ಗಂಟೆಗೆ ನಿಮ್ಮ ಬ್ರಿಟಿಷ್ ಬೈಕ್ ಕೊಳ್ಳೋಕೆ ಬರೋರಿಗೆ ಈಗಲೇ ಫೋನ್ ಮಾಡಿ, ಇವತ್ತು ಬರಬೇಡಿ ಅನ್ನಿ. ಕಾರಣ ಕೇಳಿದರೆ, ಮಗಳು ಕಾರ್ಬುರೇಟರ್ ಬಿಚ್ಚಿಕೊಂಡು ಹೋಗಿದ್ದಾಳೆ ಅನ್ನಿ. ಸುಳ್ಳಲ್ಲ, ಅದು ನನ್ನ ಚೀಲದಲ್ಲಿದೆ.

ಭಾನುವಾರ ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗ್ತಾನೇ ಇತ್ತು, ನೀವು ಬೈಕ್ ಸಮೇತ ಹೋಗಿ ಗೋಡೆಗೆ ಗುದ್ದಿದ್ರಿ. "ನನ್ನ ಕೈ ಸೋತಿದೆ, ಇನ್ನು ಮಾರಿಬಿಡ್ತೀನಿ" ಅಂದ್ರಿ.

ಇವತ್ತು ಬೆಳಿಗ್ಗೆ ಬಿಚ್ಚಿ ನೋಡಿದೆ. ನಿಮ್ಮ ಕೈಯದೇನೂ ತಪ್ಪಿಲ್ಲ. ಹೊಸ ಕಾರ್ಬುರೇಟರ್ ಕೂರಿಸುವಾಗ ಎರಡೂ ನಟ್ಟು ನಾನು ಅತಿಯಾಗಿ ಬಿಗಿದಿದ್ದೆ. ಅದರ ಮೈ ಬಾಗಿ, ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇರೋ ಸ್ಲೈಡ್, ಬಿಟ್ಟರೂ ಕೆಳಗಿಳಿಯದೆ ಒಳಗೇ ಸಿಕ್ಕಿಕೊಂಡಿದೆ. "ಹದವಾಗಿ ಬಿಗಿ" ಅಂತ ನೀವು ಎರಡು ಸಲ ಹೇಳಿದ್ರಿ. ನಲವತ್ತು ವರ್ಷ ಸ್ಪ್ಯಾನರ್ ಹಿಡಿದವರಿಗೇ ಎದುರು ಮಾತಾಡಿದೆ.

ಸರಿ ಮಾಡಿಸೋಕೆ ಲೇತ್ ಅಂಗಡಿಗೆ ಹೋಗ್ತಿದೀನಿ. ಆಗದಿದ್ದರೆ ಹಳೇದನ್ನೇ ಹಾಕೋಣ. ಪೆಟ್ರೋಲ್ ಆಫ್ ಮಾಡಿದೀನಿ, ಆದರೂ ಪೈಪ್ ತೊಟ್ಟಿಕ್ತಿದೆ. ಶೆಡ್ಡಲ್ಲಿ ಸಿಗರೇಟು ಹಚ್ಚಬೇಡಿ. ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳಿ, ಮರೀತೀರಿ.

ತಪ್ಪು ನನ್ನದು ಅಂತ ಅಮ್ಮನಿಗೆ ನಾನೇ ಹೇಳ್ತೀನಿ. ಸಂಜೆ ಆ ಇಳಿಜಾರಲ್ಲಿ ಮೊದಲು ನಾನು ಓಡಿಸ್ತೀನಿ. ಸರಿಯಿದ್ದರೆ ನೀವು ಹತ್ತಿ. ಬೈಯೋದನ್ನ ಆಮೇಲೆ ಬೈಯಿರಿ.