ಸೋಪು ಹಚ್ಚಿದ ಮರಿ

೩ ಜನವರಿ ೧೯೭೪

ಬೆಳಿಗ್ಗೆ ಕುರಿ ಕೂಡುವ ರೊಪ್ಪ ಗುಡಿಸಿದೆ. ಮಂಕರಿ ತುಂಬ ಹಿಕ್ಕೆ. ಅಪ್ಪ ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋದ. ಎಳೆ ಮರಿಗಳು ಮನೆಯಲ್ಲೇ. ಸ್ಕೂಲಿನಿಂದ ಬಂದಮೇಲೆ ಅವು ನನ್ನ ಪಾಲಿಗೆ. ಅರಚುತ್ತವೆ, ಗೋಣಿತಾಟು ಜಗಿಯುತ್ತವೆ, ನನ್ನ ಲಂಗವನ್ನೂ ಬಿಡುವುದಿಲ್ಲ. ಸಂಜೆ ಕುರಿ ಬಂದಾಗ ಹಾಲಿಗೆ ಮರಿ ಬಿಡುವುದೂ ನಾನೇ. ಯಾವುದು ಯಾರ ಮರಿ ಅಂತ ನನಗೆ ಗೊತ್ತು. ನಾನು ತಪ್ಪಿದರೂ ತಾಯಿ ತಪ್ಪುವುದಿಲ್ಲ. ಮೂಸಿ ನೋಡುತ್ತದೆ. ತನ್ನದಲ್ಲದಿದ್ದರೆ ಒಂದೇ ಗುದ್ದು.

ಜಯಕ್ಕ ಬಾಣಂತನಕ್ಕೆ ಬಂದಿದ್ದಾಳಲ್ಲ, ಮದುವೆಯಾಗಿ ಹೊಳಲ್ಕೆರೆಗೆ ಹೋದಮೇಲೆ ಅವಳ ಮೂಗು ಬಹಳ ಚುರುಕಾಗಿದೆ. ಇವತ್ತು ಕೂಸು ಎತ್ತಿಕೊಳ್ಳಲು ಹೋದೆ. "ಏ ಪಾಲಿ, ಮುಟ್ಬ್ಯಾಡ! ಕುರಿ ವಾಸ್ನೆ ಹೊಡಿತೀಯ" ಅಂದಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು ಬೇರೆ!

ತಾನು ಹುಟ್ಟಿದ್ದೆಲ್ಲಿ? ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಾ?

೫ ಜನವರಿ, ಶನಿವಾರ

ಮೋಟಿ ಮರಿ ಹಾಕಿತು! ಹೆಣ್ಣು ಮರಿ. ಮೈಯೆಲ್ಲ ಕಪ್ಪು, ಕಣ್ಣು ಗೋಲಿ ಥರ. ಹೆಸರು ಗೋಲಿ ಅಂತಲೇ ಇಟ್ಟೆ.

ಮೋಟಿಗೆ ಕಿವಿ ಮೋಟು, ಅದಕ್ಕೇ ಆ ಹೆಸರು. ಮದುವೆಗೆ ಮುಂಚೆ ಜಯಕ್ಕನೇ ಅದನ್ನು ಸಾಕಿದ್ದು. ಮೋಟಿಗೂ ಚೊಚ್ಚಲು, ಜಯಕ್ಕನಿಗೂ ಚೊಚ್ಚಲು ಅಂತ ಅಜ್ಜಿ ನಕ್ಕಳು. ಜಯಕ್ಕ ಒಳಗಿನಿಂದಲೇ "ಹಾಲೈತಾ?" ಅಂತ ಕೇಳಿದಳು. ಹೊರಗೆ ಬಂದು ನೋಡಲಿಲ್ಲ.

೬ ಜನವರಿ, ಮಧ್ಯಾಹ್ನ

ಒಂದು ಐಡಿಯಾ ಬಂದಿದೆ. ದಿನಾ ಬೆಳಿಗ್ಗೆ ಅಜ್ಜಿ ಕೂಸಿಗೆ ನೀರು ಹಾಕುತ್ತಾಳೆ — ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಗಂಧದ ಸೋಪು ಹಚ್ಚಿ, ಸಾಂಬ್ರಾಣಿ ಹೊಗೆ ಹಿಡಿದು. ಗೋಲಿಗೂ ಹಾಗೇ ಮಾಡಿದರೆ? ವಾಸನೆ ಇರುವುದಿಲ್ಲ. ಆಗ ಕೂಸಿನ ಪಕ್ಕ ಮಲಗಿಸಬಹುದು. ಆಗ ಏನನ್ನುತ್ತಾಳೆ ನೋಡೋಣ.

ಅಜ್ಜಿ ಮಲಗಿದ್ದಾಳೆ. ಮೋಟಿಯನ್ನು ಹಿತ್ತಲಲ್ಲಿ ಸೊಪ್ಪಿಗೆ ಕಟ್ಟಿದ್ದಾರೆ. ಇದೇ ಟೈಮು.

ಅದೇ ದಿನ, ಸಂಜೆ

ಗೋಲಿ ಎಷ್ಟು ಚೆನ್ನಾಗಿತ್ತು! ಎಣ್ಣೆ, ಸೋಪು, ಪೌಡರು, ಸಾಂಬ್ರಾಣಿ, ಎಲ್ಲಾ ಆಯಿತು. ದೃಷ್ಟಿಬೊಟ್ಟು ಇಟ್ಟೆ, ಕಪ್ಪು ಮೈಮೇಲೆ ಕಾಣಲೇ ಇಲ್ಲ. ಹಾಲು ಕುಡಿಸಿಕೊಂಡು ಆಮೇಲೆ ಅಕ್ಕನಿಗೆ ತೋರಿಸೋಣ ಅಂತ ಮೋಟಿ ಹತ್ತಿರ ಬಿಟ್ಟೆ.

ಮೋಟಿ ಮೂಸಿತು. ಹಿಂದೆ ಸರಿಯಿತು. ಇನ್ನೊಂದು ಸಲ ಮೂಸಿತು. ಗುದ್ದಿತು.

ಗೋಲಿ ಮಾರು ದೂರ ಬಿತ್ತು. ಎದ್ದು ಮತ್ತೆ ಕೆಚ್ಚಲಿಗೇ ಹೋಯಿತು. ಮತ್ತೆ ಗುದ್ದಿತು.

ಅಜ್ಜಿ ಎದ್ದು ಬಂದು ಗೋಲಿಯನ್ನು ಎತ್ತಿ ಮೂಸಿದಳು. "ಅಯ್ಯೋ ನನ್ನವ್ವ! ಸೋಪು ಹಚ್ಚೀಯಲ್ಲೇ! ಮೈವಾಸ್ನೆ ತೊಳೆದ್ಬಿಟ್ರೆ ತನ್ ಮರಿ ಅಂತ ಅದ್ಕೆ ಎಂಗೆ ತಿಳಿಬೇಕು?"

ಅಪ್ಪ ಬಂದವನು ಬೈಯಲಿಲ್ಲ. ಮೊದಲು ನಕ್ಕ. "ಹೊಳಲ್ಕೆರೆ ಸೊಸೆ ಆಗೈತಲ್ಲಪ್ಪ ಮರಿ" ಅಂದ. ಆಮೇಲೆ ಗೋಲಿಯ ಹೊಟ್ಟೆ ಮುಟ್ಟಿ ನೋಡಿದ. ಆಮೇಲೆ ನಗಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

೯ ಜನವರಿ

ಅಪ್ಪ ಮೋಟಿಯ ಹಾಲನ್ನೇ ಕರೆದು ಗೋಲಿಯ ಬೆನ್ನಿಗೂ ಬಾಲಕ್ಕೂ ಸವರಿದ. ಇಲ್ಲ. ಉಪ್ಪು ಸವರಿದ, ನೆಕ್ಕಲಿ ಅಂತ. ಉಪ್ಪು ನೆಕ್ಕಿತು. ಉಪ್ಪು ಮುಗಿದಮೇಲೆ ಗುದ್ದಿತು. ಕಳ್ಳಿ!

ಅಪ್ಪ ಮೋಟಿಯ ಕಾಲು ಹಿಡಿದುಕೊಂಡರೆ ಮಾತ್ರ ಕುಡಿಯಲು ಬಿಡುತ್ತದೆ. ಅದೂ ನಾಲ್ಕು ಗುಟುಕು. ಆಮೇಲೆ ಮೋಟಿ ಮಲಗಿಬಿಡುತ್ತದೆ.

ಸ್ಕೂಲಲ್ಲಿ ಲೆಕ್ಕ ಎಲ್ಲಾ ತಪ್ಪು. ಮೇಷ್ಟ್ರು ಕಿವಿ ಹಿಂಡಿದರು.

೧೨ ಜನವರಿ

ಸಂಕ್ರಾಂತಿ ಆದಮೇಲೆ ಕುರಿ ಹೊರಡುತ್ತವಂತೆ. ಇಲ್ಲಿ ಹುಲ್ಲು ಮುಗಿಯಿತು. ಭರಮಸಾಗರದ ಕೆರೆ ಕಡೆ ಹೋಗಿ, ಅಲ್ಲಿಂದ ಆಚೆ ಕೊಯ್ದ ಗದ್ದೆಗಳಿಗೆ. ಗದ್ದೆಯವರೇ ಕರೆದು ರಾತ್ರಿ ಗದ್ದೆಯಲ್ಲೇ ಕುರಿ ತರುಬಿಸಿಕೊಳ್ಳುತ್ತಾರೆ, ಗೊಬ್ಬರಕ್ಕೆ. ಅಪ್ಪ ಬರುವುದು ಇನ್ನು ಮಳೆಗೇ.

"ಗೋಲಿ?" ಅಂದೆ.

"ದಾರೀಲಿ ದಿನಾ ಯಾರವ್ವ ಕಾಲು ಹಿಡಿತಾರೆ? ತಾಯಿ ಸೇರಿಸ್ಕಂಡ್ರೆ ಬರ್ತೈತೆ. ಇಲ್ದಿದ್ರೆ ನಿನ್ತಾವೇ ಇರ್ಲಿ. ಎಮ್ಮೆ ಹಾಲು ಹಾಕ್ನೋಡು."

ನನ್ನ ಹತ್ತಿರವೇ! ಹೇಳಬಾರದು, ಆದರೆ ಕುಣಿಯಬೇಕು ಅನ್ನಿಸಿತು. ಅಪ್ಪನೂ ಕುರಿಗಳೂ ಹೋದಮೇಲೆ ಹಟ್ಟಿ ಎಷ್ಟು ಬೇಜಾರು ಅಂತ ನನಗೇ ಗೊತ್ತು. ಈ ಸಲ ಗೋಲಿ ಇರುತ್ತದೆ. ಮೋಟಿ ಬೇಡವೆಂದರೆ ಬಿಡಲಿ. ನಾನೇ ಅದರ ಅವ್ವ.

೧೫ ಜನವರಿ

ನಿನ್ನೆ ಎಳ್ಳುಬೆಲ್ಲ. ತಿನ್ನಲಿಲ್ಲ.

ಗೋಲಿಗೆ ಎಮ್ಮೆ ಹಾಲು ಒಗ್ಗಲಿಲ್ಲ. ಬಟ್ಟೆ ಅದ್ದಿ ಚೀಪಿಸಿದ್ದೆ, ಚೆನ್ನಾಗಿ ಚೀಪಿತು. ರಾತ್ರಿಯೆಲ್ಲ ಭೇದಿ. ಬೆಳಿಗ್ಗೆ ಕಾಲು ನಿಲ್ಲುತ್ತಿಲ್ಲ. ಅರಚುವುದನ್ನೂ ಬಿಟ್ಟಿದೆ. ಮಡಿಲಲ್ಲಿ ಇಟ್ಟುಕೊಂಡರೆ ಕತ್ತು ಮೋಟಿ ಇರುವ ಕಡೆಗೇ ತಿರುಗಿಸುತ್ತದೆ.

ಗುದ್ದಿಸಿಕೊಂಡರೂ ಅದಕ್ಕೆ ಅವಳೇ ಬೇಕು. ನಾನಲ್ಲ.

ನನಗೆ ಬೇಡ. ಗೋಲಿ ನನ್ನ ಹತ್ತಿರ ಇರುವುದು ಬೇಡ. ಬದುಕಿದರೆ ಸಾಕು. ಮೋಟಿ, ಸೇರಿಸಿಕೊಳ್ಳೇ.

೧೬ ಜನವರಿ, ಸಂಜೆ

ನಡೆದ ಹಾಗೆಯೇ ಬರೆಯುತ್ತೇನೆ.

ಬಾಗಿಲ ಹತ್ತಿರ ಗೋಲಿಯನ್ನು ಇಟ್ಟುಕೊಂಡು ಅಳುತ್ತಾ ಕೂತಿದ್ದೆ. ಒಳಗಿನಿಂದ ಜಯಕ್ಕ, "ಇನ್ನೂ ಸೇರಿಸ್ಕಳ್ಳಿಲ್ವೇನೆ?" ಅಂದಳು. ಇಲ್ಲ ಅಂದೆ. ಆಮೇಲೆ ತಲೆಗೆ ಬಟ್ಟೆ ಬಿಗಿದುಕೊಂಡು ಹೊರಗೇ ಬಂದುಬಿಟ್ಟಳು.

"ಹಿಡ್ಕ ಇವನ್ನ" ಅಂತ ನನ್ನ ತೊಡೆಮೇಲೆ ಏನೋ ಇಟ್ಟು, ಗೋಲಿಯನ್ನು ಕಿತ್ತುಕೊಂಡು ರೊಪ್ಪಕ್ಕೆ ಹೋದಳು.

ಅಜ್ಜಿ ಕೂಗಿಕೊಂಡಳು. "ಏ ಜಯಾ! ಹಸಿ ಬಾಣಂತಿ ಗಾಳೀಗ್ ಬರ್ತಾರೇನೆ? ಬುದ್ಧಿ ಐತೇನೆ ನಿಂಗೆ?"

"ಸುಮ್ನಿರಜ್ಜಿ. ಅಪ್ಪಾ, ಆಚೆ ಬೀದಿ ಚಿತ್ತಪ್ಪಮಾವನ ನಾಯಿ ಹಿಡ್ಕಂಬಾ. ನಮ್ಮ ನಾಯಿ ಬ್ಯಾಡ, ಅದ್ಕೆ ಇವು ಹೆದ್ರಲ್ಲ. ಹಿಂದೆ ಒಂದ್ಸಲ ಹಿಂಗೇ ಮಾಡಿರ್ಲಿಲ್ವೇನಪ್ಪ?"

"ಅಯ್ಯೋ ಹೌದಲ್ಲ! ನನ್ ತಲೆಗೇ ಹೊಳಿಲಿಲ್ಲ ನೋಡು" ಅಂತ ಅಪ್ಪ ಓಡಿದ.

ಜಯಕ್ಕ ಮೋಟಿಯನ್ನೂ ಗೋಲಿಯನ್ನೂ ಮೂಲೆಗೆ ಸೇರಿಸಿ, ಪಕ್ಕದಲ್ಲೇ ಹಿಕ್ಕೆ ಮೇಲೆ ಕುಕ್ಕರಗಾಲಲ್ಲಿ ಕೂತಳು. ಹೊಳಲ್ಕೆರೆ ಸೀರೆಯಲ್ಲಿ! ನಾನೂ ಹಿಂದೆಯೇ ಹೋಗಿ ಬೇಲಿ ಪಕ್ಕ ಕೂತೆ. ಅಪ್ಪ ಆ ಕೆಂಪು ನಾಯಿಯನ್ನು ಹಗ್ಗ ಹಾಕಿ ತಂದು ಸ್ವಲ್ಪ ದೂರದಲ್ಲಿ ನಿಲ್ಲಿಸಿದ. ನಾಯಿ ಗುರ್ ಅಂತು. ಮೋಟಿ ಮುಂಗಾಲು ನೆಲಕ್ಕೆ ಬಡಿಯಿತು. ನಾಯಿ ಇನ್ನೊಂದು ಹೆಜ್ಜೆ ಮುಂದೆ ಬಂತು. ಗೋಲಿ ಹೆದರಿ ಒಂದೇ ಒಂದು ಸಲ, ಸಣ್ಣಗೆ, ಮೇ ಅಂತು.

ಮೋಟಿ ತಿರುಗಿ ನೋಡಿತು. ಬಂದು ಗೋಲಿಗೂ ನಾಯಿಗೂ ಮಧ್ಯ ನಿಂತಿತು. ತಲೆ ತಗ್ಗಿಸಿಕೊಂಡು, ಬಾ ನೋಡೇ ಬಿಡುತ್ತೇನೆ ಅನ್ನುವ ಹಾಗೆ. ಕೊಂಬಿಲ್ಲ, ಏನಿಲ್ಲ, ಆದರೂ! ಗೋಲಿ ತೂರಾಡುತ್ತಾ ಅದರ ಹೊಟ್ಟೆ ಕೆಳಗೆ ನುಗ್ಗಿತು. ಬಾಯಿಗೆ ಕೆಚ್ಚಲು ಸಿಕ್ಕಿತು.

ಮೋಟಿ ಅಲುಗಲಿಲ್ಲ. ನಾಯಿಯನ್ನು ಅಪ್ಪ ಎಳೆದುಕೊಂಡು ಹೋದಮೇಲೂ ಗುದ್ದಲಿಲ್ಲ. ಬಾಗಿ ಗೋಲಿಯ ಬಾಲ ಮೂಸಿತು. ಗಂಟಲಲ್ಲೇ ಮ್‌ಮ್‌ಮ್ ಅಂತ ಮಾತಾಡಿಸಿತು.

"ಆಯ್ತು ಕಣವ್ವ, ಆಯ್ತು, ನಿಂದೇ ಮರಿ" ಅಂತ ಜಯಕ್ಕ ಅದರ ಮೋಟು ಕಿವಿ ಸವರಿದಳು. ಆಮೇಲೆ ಅದರ ಕುತ್ತಿಗೆಗೇ ಮುಖ ಒತ್ತಿಕೊಂಡಳು. ಮೂಗು ಮುಚ್ಚಿಕೊಳ್ಳಲಿಲ್ಲ!

ಅಷ್ಟರಲ್ಲಿ ನನ್ನ ಲಂಗ ಬಿಸಿಬಿಸಿ ಆಯಿತು. ನೋಡಿದರೆ ಕೂಸು. ಅಷ್ಟು ಹೊತ್ತು ಅವನನ್ನು ಎತ್ತಿಕೊಂಡೇ ಇದ್ದೆ, ಗೊತ್ತೇ ಇರಲಿಲ್ಲ.

೧೮ ಜನವರಿ

ಗೋಲಿ ನೆಗೆಯುತ್ತದೆ. ಕರೆದರೆ ಬರುವುದಿಲ್ಲ. ಮೋಟಿ ಕರೆದರೆ ಓಡುತ್ತದೆ. ಭಾರೀ ಜಂಬ.

೨೧ ಜನವರಿ, ಬೆಳಿಗ್ಗೆ

ಹೋದವು.

ಅಪ್ಪ ಕಂಬಳಿ ಹೊದ್ದು, ಪಾತ್ರೆ ಪಡಗ ಎಲ್ಲಾ ಕತ್ತೆ ಮೇಲೆ ಹೇರಿದ. ಬಹಳ ಎಳೆಯ ಮರಿಗಳನ್ನೂ ಕತ್ತೆಯ ಚೀಲದಲ್ಲಿ ಇಟ್ಟ, ತಲೆ ಮಾತ್ರ ಹೊರಗೆ. ಗೋಲಿ ತಾನೇ ನಡೆಯಿತು. ನಾನು ಅಳಬಾರದು ಅಂತಿದ್ದೆ. ಆಗಲಿಲ್ಲ. ಅಪ್ಪ ನೋಡಿದ. ಹಿಂದಕ್ಕೆ ಬಂದು, ಗೋಲಿಯನ್ನು ಎತ್ತಿ ನನ್ನ ಕೈಗೇ ಕೊಟ್ಟುಬಿಟ್ಟ.

"ಇಟ್ಕಳವ್ವ. ಈಗ ಗಟ್ಟಿಯಾಗೈತೆ. ಎಂಗೋ ಬದುಕ್ತೈತೆ. ನೀನು ಅಳಬ್ಯಾಡ."

ಎಷ್ಟು ಬೆಚ್ಚಗಿತ್ತು. ಸೋಪಿನ ವಾಸನೆ ಎಲ್ಲಾ ಹೋಗಿತ್ತು. ಮುಂದೆ ಮಂದೆ ಹೊರಟಿತ್ತು, ಮೋಟಿ ಒಂದೇ ಹಿಂದೆ ನಿಂತು ಕೂಗುತ್ತಿತ್ತು.

"ಬ್ಯಾಡಪ್ಪ. ಅದ್ರವ್ವ ಕರಿತೈತೆ" ಅಂದೆ. ಕೆಳಗೆ ಬಿಟ್ಟೆ.

ಓಡಿತು. ಒಂದು ಸಲವೂ ತಿರುಗಿ ನೋಡಲಿಲ್ಲ. ಅಪ್ಪ ಮಾತ್ರ ತಿರುವಿನವರೆಗೂ ತಿರುಗಿ ತಿರುಗಿ ನೋಡಿದ.

೨೨ ಜನವರಿ, ಸಂಜೆ

ಗುಡಿಸಲು ಏನೂ ಇಲ್ಲ. ಸ್ಕೂಲಿಗೆ ಹೋಗಿಬಂದೆ. ಲೆಕ್ಕ ಸರಿ ಬಂತು, ಯಾರಿಗೆ ಬೇಕು.

ಮರಿ ಬಿಡುವ ಹೊತ್ತಿಗೆ ಕಾಲು ತಾನಾಗಿ ರೊಪ್ಪಕ್ಕೆ ಹೋಯಿತು. ಅಲ್ಲಿ ಜಯಕ್ಕ ನಿಂತಿದ್ದಳು, ಕೂಸನ್ನು ಹೆಗಲಿಗೆ ಹಾಕಿಕೊಂಡು. ಖಾಲಿ ರೊಪ್ಪ ನೋಡುತ್ತಾ.

"ನೀನೂ ಬಂದ್ಯಾ?" ಅಂದಳು. "ಮದ್ವೆಯಾದ ವರ್ಷ ಹೊಳಲ್ಕೆರೇಲಿ ಇಷ್ಟೊತ್ತಿಗೆ ನಂಗೂ ಹಿಂಗೇ ಆಗದು ಕಣೆ. ಮರಿ ಬಿಡ್ಬೇಕು ಅಂತ ಎದ್ದು ಬಾಗ್ಲಿಗೆ ಬರದು. ಬಂದ್ರೆ ಬರೀ ರೋಡು. ನಮ್ಮತ್ತೆ ಕೇಳ್ದಾಗೆಲ್ಲ ಏನೂ ಇಲ್ಲ ಅಂತಿದ್ದೆ."

ನಂಬಲಿಕ್ಕೇ ಆಗಲಿಲ್ಲ. ಮತ್ತೆ ಆ ಮೂಗು ಯಾಕೆ ಮುಚ್ಚಿಕೊಳ್ಳುತ್ತಿದ್ದೆ ಅಂತ ಕೇಳಬೇಕೆಂದು ತಲೆ ಎತ್ತಿದೆ. ಅವಳು ಅಳುತ್ತಿದ್ದಳು. ನಾನೂ ಅತ್ತುಬಿಟ್ಟೆ, ಕೇಳುವುದು ಮರೆತೇ ಹೋಯಿತು.