ಡಾಕ್ಟರಿಗಿಂತ ಮೊದಲು ಹೇಳಬೇಕಾದ ಮೂರು ಸಿನಿಮಾ

ಶುಕ್ರವಾರ, ಮೂರನೇ ಆಟ ಮುಗಿಸಿ ಬಂದು

ಪ್ರಿಯ ಟೈಲರಮ್ಮನವರಿಗೆ,

ಎದುರು ಮಹಡಿಯವನ ನಮಸ್ಕಾರ. ರಸ್ತೆ ದಾಟಿದರೆ ಸಿಗುವವರಿಗೆ ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ದಾಟಿ ಬಂದರೆ ಕೂರುವುದಕ್ಕೆ ಜಾಗವೆಲ್ಲಿದೆ? ನಿಮ್ಮ ಅಂಗಡಿಯ ಸ್ಟೂಲಿನ ಮೇಲೆ ಈಗೀಗ ಹಲ್ಲಿನ ಡಾಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಾರೆ.

ಕಣ್ಣಿನ ಆಪರೇಷನ್ ಆದ ಮೇಲೆ ದೊಡ್ಡ ಪರದೆ ನೋಡಿದರೆ ನಿಮಗೆ ತಲೆ ಸಿಡಿಯುತ್ತದೆ. ಅಂದಿನಿಂದ ಪ್ರತಿ ವಾರ ಹೊಸ ಸಿನಿಮಾ ನೋಡಿ ಬಂದು ನಿಮಗೆ ಕಥೆ ಹೇಳಿದವನು ನಾನು. ನೀವು ಗುಂಡಿ ಹೊಲಿಯುತ್ತ ‘ಆಮೇಲೆ? ಆಮೇಲೆ?’ ಅನ್ನುತ್ತಿದ್ದಿರಿ. ಕಳೆದ ವಾರ ಬಸ್ಸಿಳಿದು ಏದುಸಿರು ಬಿಡುತ್ತ ಬಂದರೆ, ‘ಅಯ್ಯೋ, ಅದನ್ನ ಡಾಕ್ಟರು ಆಗ್ಲೇ ಹೇಳ್ಬಿಟ್ರಲ್ರೀ’ ಅಂದಿರಿ. ಅವರೋ, ‘ಕಾರಲ್ಲಿ ಬಂದ್ರೆ ಬೇಗ ಆಗುತ್ತೆ ಸಾರ್’ ಅಂತ ಎಲ್ಲ ಹಲ್ಲನ್ನೂ ತೋರಿಸಿದರು. ಟು ಬಿ ಫ್ರ್ಯಾಂಕ್, ನನಗೇನೂ ಹೊಟ್ಟೆಕಿಚ್ಚಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಮರ್ಯಾದಸ್ಥ ಪದವೊಂದಿತ್ತು, ಕಾಲೇಜಿನಲ್ಲಿ ಕಲಿತಿದ್ದೆ. ಪ್ರೊಫೆಷನಲ್ ಏನೋ ಒಂದು.

ಅದಿರಲಿ. ಇವತ್ತು ಬಿಡುಗಡೆಯಾದ ಮೂರನ್ನೂ ಒಂದೇ ದಿನ ನೋಡಿಬಿಟ್ಟೆ. ಸೊಂಟ ಹಿಡಿದುಕೊಂಡಿದೆ. ಈ ಕಾಗದವನ್ನು ನಿಮ್ಮ ಶಟರಿನ ಕೆಳಗೆ ತಳ್ಳುತ್ತೇನೆ, ಬೆಳಿಗ್ಗೆ ಅವರ ಕಾರು ಬರುವ ಮೊದಲೇ ಓದಿ.

ಮೊದಲನೆಯದು ಪೊಲೀಸ್ ಸಿನಿಮಾ. ಹೀರೋ ಹೊಡೆದರೆ ಜೀಪುಗಳು ಹಾರುತ್ತವೆ, ಅವನ ಕ್ರಾಪು ಮಾತ್ರ ಅಲ್ಲಾಡುವುದಿಲ್ಲ. ಕೊಲೆ ಮಾಡಿದವನು ಕಮಿಷನರೇ. ಮುಗಿಯಿತು, ಇನ್ನು ಡಾಕ್ಟರು ಅದೇನು ಹೇಳುತ್ತಾರೋ ಹೇಳಲಿ.

ಎರಡನೆಯದು ದೆವ್ವದ್ದು. ದೆವ್ವವೂ ಇಲ್ಲ ಮಣ್ಣೂ ಇಲ್ಲ, ಎಲ್ಲ ಆಸ್ತಿಗಾಗಿ ಅತ್ತಿಗೆ ಆಡಿದ ನಾಟಕ. ಅವಳ ಬಿಳಿ ಗೌನನ್ನು ನೀವು ನೋಡಬೇಕಿತ್ತು, ತೋಳು ಒಂದು ಉದ್ದ, ಒಂದು ಗಿಡ್ಡ. ಇಂಥದ್ದೆಲ್ಲ ಡಾಕ್ಟರ ಕಣ್ಣಿಗೆ ಬೀಳುತ್ತದೆಯೇ? ನನ್ನ ಮುಂದಿನ ಸಾಲಿನಲ್ಲೇ ಇದ್ದರು, ಇಂಟರ್ವಲ್ ಆದ ಮೇಲೆ ಬರೀ ಗೊರಕೆ. ನಮ್ಮವಳೂ ಥಿಯೇಟರಿನಲ್ಲಿ ನಿದ್ದೆ ಹೊಡೆಯುತ್ತಿದ್ದಳು, ಪುಣ್ಯಾತ್ಗಿತ್ತಿ. ಆದರೆ ಬದುಕಿದ್ದಷ್ಟು ದಿನ ಒಮ್ಮೆಯೂ ಕಥೆ ಗೊತ್ತೆಂದು ಜಂಬ ಕೊಚ್ಚಿದವಳಲ್ಲ.

ಮೂರನೆಯದು ಪ್ರೇಮದ್ದು. ಇದನ್ನು ನಿಧಾನವಾಗಿ ಓದಿ. ಫೋಟೋ ಸ್ಟುಡಿಯೋ ನಡೆಸುವ ಹೆಂಗಸು, ವಯಸ್ಸು ಐವತ್ತರ ಆಸುಪಾಸು. ಅವಳ ಹಿಂದೆ ಇಬ್ಬರು. ಒಬ್ಬ ಪೈಲಟ್, ಬಾಯಿ ತೆರೆದರೆ ತಾನು ಇಳಿದ ಊರುಗಳ ಹೆಸರು. ಇನ್ನೊಬ್ಬ ಪಕ್ಕದ ಅಂಗಡಿಯ ವಾಚ್ ರಿಪೇರಿಯವನು, ಬಾಯೇ ತೆರೆಯುವುದಿಲ್ಲ. ಕೊನೆಗೆ ಅವಳು ಪೈಲಟ್ ಜೊತೆ ಏರ್‌ಪೋರ್ಟಿನವರೆಗೂ ಹೋಗಿ, ಅಲ್ಲೇ ಸೂಟ್‌ಕೇಸ್ ಬಿಟ್ಟು, ಬಸ್ಸು ಹಿಡಿದು ವಾಚಿನಂಗಡಿಗೆ ಓಡಿ ಬರುತ್ತಾಳೆ. ಇಡೀ ಥಿಯೇಟರ್ ಎದ್ದು ಚಪ್ಪಾಳೆ ಹೊಡೆಯಿತು. ಕ್ಲೈಮ್ಯಾಕ್ಸ್ ಅಂದರೆ ಅದು.

ಇಸ್ತ್ರಿಯವಳು ಒಂದು ಸುದ್ದಿ ಹೇಳಿದಳು. ಭಾನುವಾರ ಕಾರಿನಲ್ಲಿ ಕೆರೆ ಕಡೆ ಹೋಗಿ ಬರೋಣ ಅಂತ ಡಾಕ್ಟರು ನಿಮ್ಮನ್ನು ಕರೆದರಂತೆ, ನೀವು ‘ನೋಡೋಣ’ ಅಂದಿರಂತೆ. ‘ಇಲ್ಲ’ ಅನ್ನುವುದಕ್ಕೂ ಅಷ್ಟೇ ಹೊತ್ತು ಸಾಕಿತ್ತು. ಅದು ನಿಮ್ಮಿಷ್ಟ. ನಾನು ಬರೀ ಸಿನಿಮಾದ ಬಗ್ಗೆ ಬರೆಯುತ್ತಿದ್ದೇನೆ.

ಇಂತು ನಿಮ್ಮ ಹಳೆಯ ಕಥೆಗಾರ,
ಎದುರು ಮಹಡಿಯ ಪ್ರೂಫ್ ರೀಡರ್

ಮರೆತ ಮಾತು: ಪ್ರೇಮದ ಸಿನಿಮಾದ ಕೊನೆಯನ್ನು ಡಾಕ್ಟರು ಬೇರೆ ಥರ ಹೇಳಿದರೆ ಅವರದು ಸುಳ್ಳು ಅಂದುಕೊಳ್ಳಬೇಡಿ. ಪರದೆಯ ಮೇಲೆ ಅವಳು ವಿಮಾನ ಹತ್ತಿಯೇಬಿಟ್ಟಳು. ವಾಚಿನವನು ಅಂಗಡಿ ಬಾಗಿಲಲ್ಲಿ ನಿಂತು ಮೇಲೆ ನೋಡಿದ, ಅಷ್ಟರಲ್ಲಿ ಲೈಟು ಹಾಕಿಬಿಟ್ಟರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಪ್ರೆಸ್ಸಿನಲ್ಲಿ ಇದ್ದಷ್ಟು ಕಾಲ ಅಕ್ಷರ ತಿದ್ದಿದೆನೇ ಹೊರತು ಬರೆದವರ ಕಥೆಗೆ ಕೈ ಹಾಕಿದವನಲ್ಲ. ಇದೊಂದಕ್ಕೆ ಹಾಕಿದೆ. ಭಾನುವಾರ ಆ ಕಾರು ಬರುವ ಹೊತ್ತಿಗೆ, ನಿಮ್ಮ ಅಂಗಡಿ ಕಾಣುವ ನನ್ನ ಕಿಟಕಿ ತೆಗೆದಿಟ್ಟಿರಲೋ, ಹಾಕಿಕೊಂಡಿರಲೋ, ಒಂದು ಮಾತು ಹೇಳಿ ಕಳಿಸಿ.